ಫಿಷರ್–ಸ್ಪಾಸ್ಕಿ 1972, ಆರನೇ ಆಟ: ಆಟವನ್ನೂ ಅದರ ಓಪನಿಂಗನ್ನೂ ಒಟ್ಟಿಗೆ ಅಭ್ಯಾಸ ಮಾಡುವುದು ಹೇಗೆ?

ಅಂಚಿನಕಾಲಾಳು

ರೇಕ್ಯಾವಿಕ್‌ನಲ್ಲಿ ನಡೆದ 1972ರ ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಆರನೇ ಆಟವನ್ನು ಸರಿಯಾಗಿ ಅಭ್ಯಾಸ ಮಾಡಬೇಕೆಂದಿದ್ದೇನೆ. ಬಿಳಿ ಫಿಷರ್, ಕಪ್ಪು ಸ್ಪಾಸ್ಕಿ. ನನ್ನ ರೇಟಿಂಗ್ 1500ರ ಆಸುಪಾಸು. ನಡೆಗಳು ಬಾಯಿಪಾಠ ಆಗಿವೆ, ಆದರೆ ಆಟ ಅರ್ಥವಾಗಿದೆ ಎಂದು ಹೇಳುವ ಧೈರ್ಯ ಇಲ್ಲ. ಎಲ್ಲರಿಗೂ ಅನುಕೂಲವಾಗಲೆಂದು ಪೂರ್ತಿ ಆಟ ಇಲ್ಲಿ ಹಾಕುತ್ತಿದ್ದೇನೆ (× ಎಂದರೆ ಹೊಡೆತ, + ಎಂದರೆ ಶಹ, 0-0 ಎಂದರೆ ಕ್ಯಾಸಲಿಂಗ್; ಮುಂದೆ ಸಂಖ್ಯೆಯ ನಂತರ ಮೂರು ಚುಕ್ಕಿ ಬಂದರೆ ಅದು ಕಪ್ಪಿನ ನಡೆ):

1. ಸಿ4 ಇ6 2. ಕುದುರೆ ಎಫ್3 ಡಿ5 3. ಡಿ4 ಕುದುರೆ ಎಫ್6 4. ಕುದುರೆ ಸಿ3 ಒಂಟೆ ಇ7 5. ಒಂಟೆ ಜಿ5 0-0 6. ಇ3 ಎಚ್6 7. ಒಂಟೆ ಎಚ್4 ಬಿ6 8. ಸಿ×ಡಿ5 ಕುದುರೆ×ಡಿ5 9. ಒಂಟೆ×ಇ7 ಮಂತ್ರಿ×ಇ7 10. ಕುದುರೆ×ಡಿ5 ಇ×ಡಿ5 11. ಆನೆ ಸಿ1 ಒಂಟೆ ಇ6 12. ಮಂತ್ರಿ ಎ4 ಸಿ5 13. ಮಂತ್ರಿ ಎ3 ಆನೆ ಸಿ8 14. ಒಂಟೆ ಬಿ5 ಎ6 15. ಡಿ×ಸಿ5 ಬಿ×ಸಿ5 16. 0-0 ಆನೆ ಎ7 17. ಒಂಟೆ ಇ2 ಕುದುರೆ ಡಿ7 18. ಕುದುರೆ ಡಿ4 ಮಂತ್ರಿ ಎಫ್8 19. ಕುದುರೆ×ಇ6 ಎಫ್×ಇ6 20. ಇ4 ಡಿ4 21. ಎಫ್4 ಮಂತ್ರಿ ಇ7 22. ಇ5 ಆನೆ ಬಿ8 23. ಒಂಟೆ ಸಿ4 ರಾಜ ಎಚ್8 24. ಮಂತ್ರಿ ಎಚ್3 ಕುದುರೆ ಎಫ್8 25. ಬಿ3 ಎ5 26. ಎಫ್5 ಇ×ಎಫ್5 27. ಆನೆ×ಎಫ್5 ಕುದುರೆ ಎಚ್7 28. ಆನೆ ಸಿ1-ಎಫ್1 ಮಂತ್ರಿ ಡಿ8 29. ಮಂತ್ರಿ ಜಿ3 ಆನೆ ಇ7 30. ಎಚ್4 ಆನೆ ಬಿ8-ಬಿ7 31. ಇ6 ಆನೆ ಬಿ7-ಸಿ7 32. ಮಂತ್ರಿ ಇ5 ಮಂತ್ರಿ ಇ8 33. ಎ4 ಮಂತ್ರಿ ಡಿ8 34. ಆನೆ ಎಫ್1-ಎಫ್2 ಮಂತ್ರಿ ಇ8 35. ಆನೆ ಎಫ್2-ಎಫ್3 ಮಂತ್ರಿ ಡಿ8 36. ಒಂಟೆ ಡಿ3 ಮಂತ್ರಿ ಇ8 37. ಮಂತ್ರಿ ಇ4 ಕುದುರೆ ಎಫ್6 38. ಆನೆ×ಎಫ್6 ಜಿ×ಎಫ್6 39. ಆನೆ×ಎಫ್6 ರಾಜ ಜಿ8 40. ಒಂಟೆ ಸಿ4 ರಾಜ ಎಚ್8 41. ಮಂತ್ರಿ ಎಫ್4. ಕಪ್ಪು ಸೋಲೊಪ್ಪಿಕೊಂಡಿತು.

ನನಗೆ ತೊಡಕಾಗಿರುವ ಜಾಗಗಳು ಇವು. ಮೊದಲ ನಡೆ ಸಿ4, ಹಾಗಾಗಿ ಓಪನಿಂಗ್ (ಆರಂಭದ ನಡೆಗಳ ಪದ್ಧತಿ) ಇಂಗ್ಲಿಷ್ ಎಂದು ಬರೆದಿಟ್ಟುಕೊಂಡಿದ್ದೆ. ಎಲ್ಲರೂ ಇದನ್ನು ಕ್ವೀನ್ಸ್ ಗ್ಯಾಂಬಿಟ್ ಅನ್ನುತ್ತಾರೆ, ಯಾಕೆ? 14ನೇ ನಡೆಯಲ್ಲಿ ಬಿ5ಕ್ಕೆ ಹೋದ ಒಂಟೆ 17ರಲ್ಲಿ ಇ2ಕ್ಕೆ ವಾಪಸ್ ಬರುತ್ತದೆ, ನಡೆ ದಂಡ ಆಗಲಿಲ್ಲವೇ? 19ರಲ್ಲಿ ಡಿ4ರ ಅಷ್ಟು ಒಳ್ಳೆಯ ಕುದುರೆಯನ್ನು ಇ6ರ ಮಂಕು ಒಂಟೆಗೆ ಕೊಟ್ಟದ್ದೇಕೆ? 20...ಡಿ4 ಆಡಿದಾಗ ಕಪ್ಪಿಗೆ ಬೆಂಬಲ ಇರುವ ಪಾಸ್ಡ್ ಪಾನ್ (ಮುಂದೆ ತಡೆಯಲು ಎದುರಾಳಿ ಕಾಲಾಳಿಲ್ಲದ ಕಾಲಾಳು) ಸಿಗುತ್ತದೆ, ಆದರೂ ಅದೇ ತಪ್ಪು ನಡೆ ಎನ್ನುತ್ತಾರೆ. ಎಂಜಿನ್ (ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ) ಹಾಕಿ ನೋಡಿದರೆ ಅಂಕಿ ಮಾತ್ರ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಕೊನೆಯದಾಗಿ, ಇಂಥ ಒಂದು ಆಟಕ್ಕೆ ಎಷ್ಟು ಹೊತ್ತು ಕೊಡಬೇಕು, ಓಪನಿಂಗ್ ಎಷ್ಟನೇ ನಡೆಯವರೆಗೆ ನೆನಪಿರಬೇಕು? ನನ್ನ ಎದುರಾಳಿಗಳು 7...ಬಿ6 ಆಡುವುದೇ ಅಪರೂಪ.

ಎಂಟನೇಸಾಲು

ಓಪನಿಂಗ್ ಭಾಗ ನಾನು ತೆಗೆದುಕೊಳ್ಳುತ್ತೇನೆ.

ಹೆಸರು ಮೊದಲ ನಡೆಯಿಂದ ಬರುವುದಿಲ್ಲ, ನಡೆಗಳು ತಲುಪುವ ಸ್ಥಿತಿಯಿಂದ ಬರುತ್ತದೆ. ಮೂರನೇ ನಡೆ ಡಿ4 ಬಿದ್ದ ಕ್ಷಣಕ್ಕೆ ಇದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. 7...ಬಿ6 ಬಿದ್ದಮೇಲೆ ಟಾರ್ಟಕೋವರ್ ಪದ್ಧತಿ. ಪೂರ್ತಿ ಹೆಸರಿನಲ್ಲಿ ಮಕೊಗೊನೊವ್, ಬೊಂಡರೆವ್ಸ್ಕಿ ಇಬ್ಬರೂ ಸೇರುತ್ತಾರೆ. ಬೊಂಡರೆವ್ಸ್ಕಿ ಬಹಳ ಕಾಲ ಸ್ಪಾಸ್ಕಿಯ ತರಬೇತುದಾರರಾಗಿದ್ದವರು, ಆದ್ದರಿಂದ ಸ್ಪಾಸ್ಕಿಗೆ ಈ ಓಪನಿಂಗ್ ಮನೆಯಂಗಳ ಇದ್ದ ಹಾಗೆ. ಅಲ್ಲಿಗೇ ಹೋಗಿ ಆಡಿದ್ದು ಫಿಷರ್, ಅದೂ ಅಲ್ಲಿಯವರೆಗೆ ಹೆಚ್ಚುಕಡಿಮೆ ಯಾವಾಗಲೂ 1. ಇ4 ಆಡುತ್ತಿದ್ದ ಆಟಗಾರ. ಆಗ ಪಂದ್ಯ 2.5–2.5ರಲ್ಲಿ ಸಮ ಇತ್ತು. 8. ಸಿ×ಡಿ5 ಕುದುರೆ×ಡಿ5 ಬಂದ ಸಾಲನ್ನು ಓಪನಿಂಗ್ ವಿಶ್ವಕೋಶದ ಸಂಕೇತದಲ್ಲಿ ಡಿ59 ಎಂದು ಗುರುತಿಸುತ್ತಾರೆ. ನಿಮ್ಮ ಫೈಲಿನಲ್ಲೂ ಹಾಗೇ ಇಡಿ. ಡೇಟಾಬೇಸ್‌ನಲ್ಲಿ ಹುಡುಕುವಾಗ ನಡೆಗಳ ಸಾಲು ಕೊಡಬೇಡಿ, 10...ಇ×ಡಿ5 ಆದಮೇಲಿನ ಸ್ಥಿತಿಯನ್ನು ಕೊಟ್ಟು ಹುಡುಕಿ. 1. ಡಿ4ರಿಂದ, 1. ಕುದುರೆ ಎಫ್3ರಿಂದ, 1. ಸಿ4ರಿಂದ ಬಂದ ಆಟಗಳೆಲ್ಲ ಆಗ ಒಟ್ಟಿಗೆ ಸಿಗುತ್ತವೆ.

ಈಗ ನಡೆಗಳ ಹಿಂದಿನ ಲೆಕ್ಕ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಕಪ್ಪಿನ ಹಳೆಯ ಕಾಯಿಲೆ ಸಿ8ರ ಒಂಟೆ. ಇ6ರ ಕಾಲಾಳು ಅದರ ದಾರಿಗೆ ಅಡ್ಡ ನಿಂತಿರುತ್ತದೆ. ಬಿ6 ಆಡಿದರೆ ಬಿ7ರಿಂದ ಹೊರಗೆ ನೋಡಬಹುದು. ಅದಕ್ಕೇ ಬಿಳಿ 8. ಸಿ×ಡಿ5 ಆಡಿ ಎರಡು ಜೊತೆ ಕಾಯಿ ಅದಲುಬದಲು ಮಾಡಿಕೊಂಡು, ಡಿ5ರಲ್ಲಿ ಕಪ್ಪಿನದೇ ಕಾಲಾಳು ಕೂರುವಂತೆ ಮಾಡುತ್ತದೆ. ಈಗ ಬಿ7ಕ್ಕೆ ಹೋದ ಒಂಟೆ ತನ್ನ ಕಾಲಾಳನ್ನೇ ನೋಡುತ್ತಾ ಕೂರಬೇಕು. ಸ್ಪಾಸ್ಕಿ 11...ಒಂಟೆ ಇ6 ಆಡಿದ್ದು ಇದೇ ಕಾರಣಕ್ಕೆ. 11. ಆನೆ ಸಿ1 ಸಿ-ಸಾಲನ್ನು ಹಿಡಿಯುತ್ತದೆ. ಕಪ್ಪು ಸಿ5 ಆಡದೆ ಸುಮ್ಮನಿದ್ದರೆ ಸಿ7ರ ಕಾಲಾಳು ಹಿಂದೆ ಉಳಿದು ಹೊರೆ ಆಗುತ್ತದೆ, ಆಡಿದರೆ 13. ಮಂತ್ರಿ ಎ3 ಬರುತ್ತದೆ.

ಈ ಎ3 ನಡೆಯೇ ಇಡೀ ಸಾಲಿನ ಕೀಲಿಕೈ. ಎ3ರಿಂದ ಇ7ರವರೆಗೆ ಕರ್ಣ ನೋಡಿ: ಮಧ್ಯೆ ಸಿ5ರ ಕಾಲಾಳು, ಹಿಂದೆ ಕಾವಲಿಲ್ಲದ ಕಪ್ಪು ಮಂತ್ರಿ. ಅಂದರೆ ಸಿ5 ಪಿನ್ ಆಗಿದೆ, ಡಿ4ರಲ್ಲಿ ಏನಿದ್ದರೂ ಹೊಡೆಯಲು ಅದಕ್ಕೆ ಆಗುವುದಿಲ್ಲ. ಜೊತೆಗೆ ಎ-ಸಾಲಿನಲ್ಲಿ ಎ8ರ ಆನೆಯ ಮೇಲೂ ಅದೇ ಮಂತ್ರಿಯ ಕಣ್ಣು. 14. ಒಂಟೆ ಬಿ5ಗೆ 14...ಎ6 ಬಂದರೂ ಒಂಟೆಗೆ ಅಪಾಯ ಇಲ್ಲದಿರುವುದು ಅದರಿಂದಲೇ: ಎ×ಬಿ5 ಹೊಡೆದರೆ ಎ-ಸಾಲು ತೆರೆದು ಮಂತ್ರಿ ಎ8ರ ಆನೆ ತಿನ್ನುತ್ತದೆ. ಬಿ8ರಲ್ಲಿ ಕುದುರೆ ಇನ್ನೂ ಎದ್ದಿಲ್ಲ, ಹಾಗಾಗಿ ಸಿ8ರ ಆನೆ ಎ8ನ್ನು ಕಾಯುವುದಿಲ್ಲ.

ನಡೆ ದಂಡ ಆಯಿತೇ ಎಂದು ಕೇಳಿದಿರಿ. ಎಣಿಸೋಣ. ಒಂಟೆ ನೇರ ಇ2ಕ್ಕೆ ಹೋಗಿದ್ದರೆ ಒಂದು ನಡೆ, ಬಿ5ರ ಮೂಲಕ ಹೋದದ್ದರಿಂದ ಎರಡು. ಬಿಳಿ ಒಂದು ನಡೆ ಹೆಚ್ಚು ಕೊಟ್ಟಿತು. ಅದೇ ಹೊತ್ತಿನಲ್ಲಿ ಕಪ್ಪು ಎ6 ಮತ್ತು ಆನೆ ಎ7 ಎಂಬ ಎರಡು ನಡೆ ಕೊಟ್ಟಿತು. ಎ7ರ ಆನೆ ಆಟದಿಂದ ಹೊರಗೆ, ಎ6ರ ಕಾಲಾಳು ಒಂಟಿ. 16...ಆನೆ ಎ7 ಆದಮೇಲೆ ಎ×ಬಿ5 ನಿಜವಾದ ಬೆದರಿಕೆ (ಎ7ನ್ನು ಇ7ರ ಮಂತ್ರಿ ಕಾಯುತ್ತಿದೆ), ಆಗಲೇ ಒಂಟೆ ಹಿಂದೆ ಸರಿದದ್ದು. ತನ್ನ ಕೆಲಸ ಮುಗಿಸಿಕೊಂಡೇ ಅದು ಮನೆಗೆ ಬಂತು.

ಮೂಲೆಆನೆ

ಎಂಟನೇಸಾಲು ಅವರು ಓಪನಿಂಗ್ ಬಿಡಿಸಿ ಹೇಳಿದ್ದಾರೆ. ನಾನು ಮಧ್ಯದ ಆಟ ಮತ್ತು ಅಭ್ಯಾಸದ ಕ್ರಮ ಹೇಳುತ್ತೇನೆ.

18. ಕುದುರೆ ಡಿ4ರಿಂದ ಶುರು ಮಾಡಿ. ಸಿ5 ಪಿನ್ ಆಗಿರುವುದರಿಂದ ಕುದುರೆ ಧೈರ್ಯವಾಗಿ ಅಲ್ಲಿ ನಿಂತಿತು. ಸ್ಪಾಸ್ಕಿಯ 18...ಮಂತ್ರಿ ಎಫ್8 ಹೇಡಿ ನಡೆಯಂತೆ ಕಂಡರೂ ಅದರಲ್ಲಿ ಬೆದರಿಕೆ ಇದೆ. ಎಫ್8ರಲ್ಲಿ ಮಂತ್ರಿಗೆ ಕಾವಲಿದೆ, ಹಾಗಾಗಿ ಪಿನ್ ಸಡಿಲವಾಯಿತು. ಈಗ ಬಿಳಿ ಸುಮ್ಮನೆ ಏನಾದರೂ ಆಡಿದರೆ ಸಿ×ಡಿ4, ಮಂತ್ರಿ×ಎಫ್8+ ಕುದುರೆ×ಎಫ್8, ಆನೆ×ಸಿ8 ಒಂಟೆ×ಸಿ8. ಇ6ರ ಒಂಟೆ ಸಿ8ನ್ನು ಕಾಯುತ್ತಿದೆ, ಬಿಳಿಗೆ ಒಂದು ಕುದುರೆ ನಷ್ಟ. ಇದನ್ನು ಬೋರ್ಡಿನ ಮೇಲೆ ಒಮ್ಮೆ ಆಡಿ ನೋಡಿ. ಆಟದ ವಿವರಣೆಗಳಲ್ಲಿ ಹೆಚ್ಚಾಗಿ ಹೇಳದೆ ಬಿಡುವ ನಡೆ ಇದು. ಅಂದರೆ ಕುದುರೆ ಏನಾದರೂ ನಿರ್ಧಾರ ಮಾಡಲೇಬೇಕಿತ್ತು. ಫಿಷರ್ ಇ6ರ ಒಂಟೆಯನ್ನು ತೆಗೆದರು.

ಮಂಕು ಒಂಟೆ ಎಂದಿರಿ. ಅದು ಮಂಕೇ, ಆದರೆ ಕಪ್ಪಿನ ಬಿಳಿ ಮನೆಗಳನ್ನೆಲ್ಲ ಕಾಯುತ್ತಿದ್ದುದು ಅದೊಂದೇ. ಅದು ಹೋದಮೇಲೆ ಸಿ4, ಇ6, ಎಫ್7, ಜಿ8, ಎಚ್7 ಹೀಗೆ ಬಿಳಿ ಒಂಟೆಗೆ ಎದುರು ನಿಲ್ಲುವ ಕಾಯಿ ಕಪ್ಪಿನ ಬಳಿ ಇಲ್ಲ. ಬಿಟ್ಟುಕೊಟ್ಟ ಕಾಯಿ ಎಷ್ಟು ಚೆಂದ ಕೂತಿತ್ತು ಅನ್ನುವುದಕ್ಕಿಂತ, ಬೋರ್ಡಿನಲ್ಲಿ ಉಳಿದ ಕಾಯಿಗೆ ಕೆಲಸ ಇದೆಯೇ ಎಂದು ನೋಡಬೇಕು. ಇಲ್ಲಿ ಉಳಿದದ್ದು ಇ2ರ ಒಂಟೆ ಮತ್ತು ಡಿ7ರ ಕುದುರೆ.

20. ಇ4 ಬಂದಾಗ ಕಪ್ಪಿನ ಮುಂದೆ ಮೂರು ದಾರಿ. 20...ಡಿ×ಇ4 ಆದರೆ ಕಪ್ಪಿನ ಎ6, ಸಿ5, ಇ6, ಇ4 ಎಲ್ಲವೂ ಒಂಟಿ ಕಾಲಾಳುಗಳು, ಅದರಲ್ಲಿ ಎರಡು ಒಂದೇ ಸಾಲಿನಲ್ಲಿ. ಇದನ್ನು ಯಾರೂ ಬಯಸುವುದಿಲ್ಲ. 20...ಡಿ4ರಿಂದ ಪಾಸ್ಡ್ ಪಾನ್ ಸಿಗುವುದು ನಿಜ, ಅದಕ್ಕೆ ಸಿ5ರ ಬೆಂಬಲವೂ ನಿಜ. ಆದರೆ ಆ ನಡೆಯಿಂದ ಸಿ4 ಮನೆ ಬಿಳಿ ಒಂಟೆಗೆ ಶಾಶ್ವತವಾಗಿ ಸಿಕ್ಕಿತು. ಅಲ್ಲಿಂದ ಓಡಿಸಲು ಕಪ್ಪಿಗೆ ಡಿ5 ಕಾಲಾಳೂ ಇಲ್ಲ, ಬಿ-ಕಾಲಾಳೂ ಇಲ್ಲ. ಬಿಳಿಯ ಇ ಮತ್ತು ಎಫ್ ಕಾಲಾಳುಗಳಿಗೂ ದಾರಿ ಬಿಡುಗಡೆ ಆಯಿತು. ಮೂರನೆಯ ದಾರಿ 20...ಸಿ4. ಒಂಟೆಯ ಬಾಗಿಲು ಮುಚ್ಚುತ್ತದೆ, ಎ3 ಮತ್ತು ಎಫ್8ರ ಮಂತ್ರಿಗಳು ಎದುರುಬದುರಾಗುತ್ತವೆ. ಬಿಳಿ ಮಂತ್ರಿಗಳನ್ನು ಉಳಿಸಿಕೊಂಡು 21. ಮಂತ್ರಿ ಎಚ್3 ಆಡಿ ಇ6ರ ಮೇಲೆ ಒತ್ತಬಹುದು, ಹಾಗಾಗಿ ಕಪ್ಪಿಗೆ ಇದೂ ಸುಖದ ಸ್ಥಿತಿ ಅಲ್ಲ. ಆದರೆ ಆಟ ಇನ್ನೂ ಎರಡು ಕಡೆಯದ್ದಾಗಿ ಉಳಿಯುತ್ತದೆ.

22. ಇ5 ಆದಮೇಲೆ ಡಿ7ರ ಕುದುರೆಗೆ ಎಫ್6 ಇಲ್ಲ. 23. ಒಂಟೆ ಸಿ4ಗೆ 23...ಕುದುರೆ ಬಿ6 ಆಡಿ ಒಂಟೆ ಓಡಿಸೋಣ ಎನಿಸುತ್ತದೆ, ಅಲ್ಲಿ 24. ಮಂತ್ರಿ ಬಿ3 ಕಾದಿದೆ. ಈಗ ಕುದುರೆ×ಸಿ4 ಹೊಡೆದರೆ ಮಂತ್ರಿ×ಬಿ8+, ಆನೆ ಹೋಯಿತು. ಹೊಡೆಯದಿದ್ದರೆ ಒಂಟೆ×ಇ6+. ಕುದುರೆ ಕೊನೆಗೆ ಎಚ್7ರಲ್ಲಿ ಹೋಗಿ ಕೂತಿತು. ಅಲ್ಲಿಂದ ಜಿ5ಕ್ಕೆ ಹಾರದಂತೆ 30. ಎಚ್4.

ಇನ್ನು ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ, 32ರಿಂದ 36. ಕಪ್ಪು ಮಂತ್ರಿ ಇ8, ಡಿ8, ಇ8, ಡಿ8, ಇ8 ಎಂದು ಓಡಾಡುತ್ತಿದೆ. ಇ7ರ ಆನೆ ಇ6ರ ಕಾಲಾಳಿಗೆ ಅಡ್ಡ ನಿಂತಿದೆ, ಎಚ್7ರ ಕುದುರೆ ಎಫ್8ನ್ನು ಕಾಯುತ್ತಿದೆ, ಯಾವುದೂ ಅಲ್ಲಾಡುವಂತಿಲ್ಲ. ಮಂತ್ರಿ ಕಡೆಯಲ್ಲಿ ಉಳಿದಿದ್ದ ಒಂದೇ ಬಿಡುಗಡೆ ಎ5-ಎ4, ಅದನ್ನೂ 33. ಎ4 ಮುಚ್ಚಿತು. ಮುಚ್ಚಿದಮೇಲೆ ಫಿಷರ್ ಆನೆಯನ್ನು ಎಫ್2ಕ್ಕೆ, ಮತ್ತೆ ಎಫ್3ಕ್ಕೆ ಒಂದೊಂದೇ ಮನೆ ಎತ್ತಿಟ್ಟರು. ಏನೂ ಅವಸರ ಇಲ್ಲ. 37. ಮಂತ್ರಿ ಇ4ರ ಬೆದರಿಕೆಯನ್ನು ತಲೆಯಲ್ಲೇ ಬಿಡಿಸಿ: 38. ಆನೆ ಎಫ್8+ ಕುದುರೆ×ಎಫ್8 39. ಆನೆ×ಎಫ್8+ ಮಂತ್ರಿ×ಎಫ್8 40. ಮಂತ್ರಿ ಎಚ್7, ಮಾತ್. ಅದಕ್ಕೆ ಕುದುರೆ ಎಫ್6ಕ್ಕೆ ಬರಲೇಬೇಕಾಯಿತು, ಬಂದದ್ದನ್ನು ಆನೆ ಹೊಡೆಯಿತು.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲ ಕೂರಿಕೆ ಇಪ್ಪತ್ತು ನಿಮಿಷ, ನಿಜವಾದ ಬೋರ್ಡು, ಎಂಜಿನ್ ಬಂದ್. ಆಟ ಪೂರ್ತಿ ಆಡಿಕೊಂಡು ಹೋಗಿ, ಕಾಲಾಳುಗಳ ಆಕಾರ ಬದಲಾದ ನಡೆಸಂಖ್ಯೆ ಮಾತ್ರ ಗುರುತು ಹಾಕಿ. ಈ ಆಟದಲ್ಲಿ 8, 10, 15, 19, 20, 22, 26, 31 ಸಿಗಬೇಕು. ಎರಡನೇ ಮತ್ತು ಮೂರನೇ ಕೂರಿಕೆ ಒಂದೊಂದು ಗಂಟೆ: 11ನೇ ನಡೆಯಿಂದ ಹಾಳೆ ಮುಚ್ಚಿ, ಬಿಳಿಯ ನಡೆ ನೀವೇ ಊಹಿಸಿ. ನಡೆಗೆ ಮೂರು ನಿಮಿಷ ಮೀರಬೇಡಿ. ಊಹಿಸಿದ ನಡೆ, ಎದುರಾಳಿ ಕೊಡಬಹುದಾದ ಉತ್ತರ, ಒಂದು ವಾಕ್ಯದ ಕಾರಣ, ಮೂರನ್ನೂ ಬರೆದ ಮೇಲೆ ಹಾಳೆ ತೆಗೆಯಿರಿ. ಬಾಯಿಪಾಠ ಆಗಿರುವುದು ಇಲ್ಲಿ ಅಡ್ಡಿ ಬರುತ್ತದೆ, ಆದ್ದರಿಂದ ನೀವು ಕಪ್ಪಿನ ಕಡೆ ಕೂತು ಸ್ಪಾಸ್ಕಿಗಿಂತ ಬೇರೆ ನಡೆ ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ತಪ್ಪಿದ ಜಾಗಗಳನ್ನು ಎರಡು ಗುಂಪು ಮಾಡಿ: ಆ ನಡೆ ಕಣ್ಣಿಗೇ ಬೀಳಲಿಲ್ಲ, ಅಥವಾ ಕಂಡೂ ಬಿಟ್ಟುಬಿಟ್ಟೆ. ಎರಡನೆಯ ಗುಂಪಿನಲ್ಲೇ ಕಲಿಯುವುದು ಜಾಸ್ತಿ ಇರುವುದು.

ನಾಲ್ಕನೇ ಕೂರಿಕೆಗೆ ಎಂಜಿನ್. ಗುರುತು ಹಾಕಿದ ಸ್ಥಿತಿಗಳಲ್ಲಿ ಮಾತ್ರ, ಒಂದರ ಬದಲು ಮೂರು ಸಾಲು ತೋರಿಸುವಂತೆ ಇಟ್ಟು, ಪ್ರತಿ ಸ್ಥಿತಿಯಲ್ಲಿ ಎರಡು ನಿಮಿಷವಾದರೂ ಓಡಲು ಬಿಡಿ. ಮೊದಲ ಕೆಲವು ಸೆಕೆಂಡಿನ ಅಂಕಿ ನಂಬಬೇಡಿ. ಎರಡು ನಡೆಗಳ ನಡುವೆ 0.3ಕ್ಕಿಂತ ಕಡಿಮೆ ಅಂತರ ಇದ್ದರೆ ನಿಮ್ಮ ಮಟ್ಟದಲ್ಲಿ ಎರಡೂ ಒಂದೇ. ಯಾವುದರಲ್ಲಿ ಮುಂದಿನ ನಡೆ ಸುಲಭವಾಗಿ ಸಿಗುತ್ತದೋ ಅದನ್ನು ಆರಿಸಿ. 20...ಡಿ4ರ ಬಗ್ಗೆ ನಿಮಗೆ ಕಾರಣ ಕಾಣದಿರುವುದು ಇದಕ್ಕೇ. ಆ ನಡೆಯಾದಮೇಲೆ ಬಿಳಿಗೆ ಎಫ್4, ಇ5, ಒಂಟೆ ಸಿ4, ಎಫ್5 ಎಲ್ಲ ತಾನಾಗಿ ಬರುತ್ತವೆ, ಕಪ್ಪಿಗೆ ಪ್ರತಿಯೊಂದು ನಡೆಯೂ ಒಂದೊಂದು ಪರೀಕ್ಷೆ. ಎಂಜಿನ್‌ಗೆ ಆ ಕಷ್ಟ ಇಲ್ಲ, ಅದರ ಅಂಕಿಯಲ್ಲಿ ಅದು ಕಾಣುವುದೂ ಇಲ್ಲ.

ಕರ್ಣದಒಂಟೆ

ಇಬ್ಬರೂ ಬಿಳಿಯ ಕಡೆಯಿಂದ ಹೇಳಿದ್ದೀರಿ. ಒಂದೇ ಆಟ ಓದಿದರೆ ಸಿ5-ಡಿ5 ಜೋಡಿ ಯಾವಾಗಲೂ ಸೋಲುವ ರಚನೆ ಎಂಬ ತಪ್ಪು ಕಲ್ಪನೆ ಕೂತುಬಿಡುತ್ತದೆ. ಇವಕ್ಕೆ ಹ್ಯಾಂಗಿಂಗ್ ಪಾನ್ಸ್ ಎನ್ನುತ್ತಾರೆ: ಪಕ್ಕದ ಸಾಲುಗಳಲ್ಲಿ ಆಸರೆ ಕಾಲಾಳಿಲ್ಲದೆ ಜೊತೆಯಾಗಿ ನಿಂತ ಎರಡು. ಅವು ದೌರ್ಬಲ್ಯವೋ ಬಲವೋ ಎಂಬುದು ಸುತ್ತಲಿನ ಕಾಯಿಗಳ ಮೇಲೆ ನಿಂತಿದೆ. ಆದ್ದರಿಂದ ಈ ಆಟದ ಜೊತೆ ಇನ್ನೆರಡು ಆಟ ಇಟ್ಟುಕೊಳ್ಳಲೇಬೇಕು.

ಒಂದು, ಬೆರ್ಟೋಕ್–ಫಿಷರ್, ಸ್ಟಾಕ್‌ಹೋಮ್ 1962. ಅಲ್ಲಿ ಕಪ್ಪು ಫಿಷರ್! ಹತ್ತನೇ ನಡೆಯವರೆಗೆ ಇದೇ ಸ್ಥಿತಿ. ಆಮೇಲೆ 11. ಒಂಟೆ ಇ2 ಒಂಟೆ ಇ6 12. 0-0 ಸಿ5 13. ಡಿ×ಸಿ5 ಬಿ×ಸಿ5 14. ಮಂತ್ರಿ ಎ4 ಮಂತ್ರಿ ಬಿ7 15. ಮಂತ್ರಿ ಎ3 ಕುದುರೆ ಡಿ7 16. ಕುದುರೆ ಇ1 ಎ5 17. ಕುದುರೆ ಡಿ3 ಸಿ4 18. ಕುದುರೆ ಎಫ್4 ಆನೆ ಎಫ್8-ಬಿ8. ಗೆದ್ದದ್ದು ಕಪ್ಪು. ರೇಕ್ಯಾವಿಕ್ ಆಟದ 15ನೇ ನಡೆಯ ಸ್ಥಿತಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಲಾಳುಗಳ ಎಲುಬುಗೂಡು ಒಂದೇ, ಎ-ಕಾಲಾಳು ಮಾತ್ರ ಬೇರೆ. ಇಲ್ಲಿ ಅದು ಎ7ರಿಂದ ನೇರವಾಗಿ ಎ5ಕ್ಕೆ ಹೋಯಿತು. ಕಪ್ಪು ಮಂತ್ರಿ ಇ7 ಬಿಟ್ಟು ಬಿ7ಕ್ಕೆ ಹೋದದ್ದರಿಂದ ಎ3ರ ಮಂತ್ರಿಗೆ ಪಿನ್ ಮಾಡಲು ಏನೂ ಇಲ್ಲ. ಕುದುರೆ ಡಿ7ಕ್ಕೆ ಬಂದು ಸಿ5ನ್ನು ಕಾದಿತು. ಆನೆಗಳು ಬಿ-ಸಾಲಿಗೆ ಬಂದವು, ಬಿ2 ಹೊರೆಯಾಯಿತು. ಹತ್ತು ವರ್ಷದ ನಂತರ ಬಿಳಿ ಕಡೆ ಕೂತಾಗ ಫಿಷರ್ ಕಪ್ಪಿಗೆ ಈ ಸುಖಗಳಲ್ಲಿ ಒಂದನ್ನೂ ಸಿಗಗೊಡಲಿಲ್ಲ.

ಎರಡು, ಟಿಮ್ಮನ್–ಗೆಲ್ಲರ್, ಹಿಲ್ವರ್ಸಮ್ 1973. 14. ಒಂಟೆ ಬಿ5 ಫಿಷರ್ ಕಂಡುಹಿಡಿದ ನಡೆಯಲ್ಲ, 1970ರಲ್ಲಿ ಫುರ್ಮನ್ ಅದನ್ನು ಗೆಲ್ಲರ್ ಮೇಲೆಯೇ ಆಡಿದ್ದರು. ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯ ತಂಡದಲ್ಲಿ ಇದ್ದವರೂ ಅದೇ ಗೆಲ್ಲರ್. 1973ರಲ್ಲಿ ಟಿಮ್ಮನ್ ಬಿ5 ಆಡಿದಾಗ ಅವರ ಉತ್ತರ 14...ಮಂತ್ರಿ ಬಿ7. ನೋಡಿ, ಮತ್ತೆ ಅದೇ ಬಿ7 ಮನೆ. 15. ಡಿ×ಸಿ5 ಬಿ×ಸಿ5 16. ಆನೆ×ಸಿ5 ಆನೆ×ಸಿ5 17. ಮಂತ್ರಿ×ಸಿ5. ಒಂದು ಕಾಲಾಳು ಹೋಯಿತು, ಆದರೆ 17...ಕುದುರೆ ಎ6! 18. ಒಂಟೆ×ಎ6 ಮಂತ್ರಿ×ಎ6. ಎ6ರಿಂದ ಎಫ್1ರವರೆಗಿನ ಕರ್ಣ ಕಪ್ಪಿನ ಕೈಯಲ್ಲಿ, ಬಿಳಿ ರಾಜನಿಗೆ ಕ್ಯಾಸಲಿಂಗ್ ಇಲ್ಲ. 19. ಮಂತ್ರಿ ಎ3 ಮಂತ್ರಿ ಸಿ4 20. ರಾಜ ಡಿ2 ಮಂತ್ರಿ ಜಿ4 21. ಆನೆ ಜಿ1 ಡಿ4! ಕಪ್ಪು ಗೆದ್ದಿತು. 18ರಲ್ಲಿ ಒಂಟೆಯಿಂದ ಹೊಡೆಯದೆ ಮಂತ್ರಿ ಸಿ6 ಆಡಿದರೆ? ಮಂತ್ರಿ×ಸಿ6, ಒಂಟೆ×ಸಿ6, ಆನೆ ಬಿ8, ಬಿ2ರ ಮೇಲೆ ದಾಳಿ. ಅಲ್ಲಿ ಬಿಳಿ ಬಿ3 ಎಂದರೆ ಆನೆ ಸಿ8 ಬರುತ್ತದೆ. ಒಂಟೆ ಬಿ5ಕ್ಕೆ ಓಡಿದರೆ ಆನೆ ಸಿ1+ ಬಂದು ಎಚ್1ರ ಆನೆ ಬೀಳುತ್ತದೆ. ಇದನ್ನು ಕೈ ಮುಟ್ಟದೆ ಎಣಿಸಿ, ಒಳ್ಳೆಯ ವ್ಯಾಯಾಮ.

ಹಾಗಾಗಿ ಮೂಲೆಆನೆ ಅವರ ಮಾತಿಗೆ ನನ್ನದೊಂದು ತಿದ್ದುಪಡಿ. 20...ಡಿ4 ಸೋಲಿನ ನಡೆ ಎಂದು ಅದೊಂದರ ಮೇಲೇ ಹೊರೆ ಹೊರಿಸಬಾರದು. ಕಪ್ಪಿನ ಕಷ್ಟ ಶುರುವಾದದ್ದು 14...ಎ6ರಲ್ಲಿ, ಗಟ್ಟಿಯಾದದ್ದು 16...ಆನೆ ಎ7ರಲ್ಲಿ. ಆಗಲೂ 16...ಮಂತ್ರಿ ಎ7 ಆಡಿದ್ದರೆ ಮಂತ್ರಿ ಪಿನ್‌ನಿಂದ ತಪ್ಪಿಸಿಕೊಂಡು ಎ8ರ ಆನೆ, ಸಿ5ರ ಕಾಲಾಳು ಎರಡನ್ನೂ ಕಾಯುತ್ತಿತ್ತು. ಕಪ್ಪಿನ ಕಡೆ ಈ ಓಪನಿಂಗ್ ಆಡುವವರು ನೆನಪಿಟ್ಟುಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಮಂತ್ರಿ ಇ7ರಲ್ಲಿ ಇರುವಾಗ ಬಿಳಿ ಮಂತ್ರಿ ಎ3ಕ್ಕೆ ಬಂದರೆ, ನಾನು ಆ ಕರ್ಣ ಬಿಡುವುದು ಯಾವಾಗ?

ಮೂಲೆಆನೆ

ತಿದ್ದುಪಡಿ ಒಪ್ಪಿದೆ. ಕಾರಣಗಳ ಸರಪಳಿ 14ರಿಂದ ಹಿಡಿಯುವುದೇ ಸರಿ. 20ರಲ್ಲಿ ಆದದ್ದು ತಿರುಗಿ ಬರಲಾಗದ ನಿರ್ಧಾರ, ಅಷ್ಟೇ. ಅಂಚಿನಕಾಲಾಳು ಅವರೇ, ನಾನು ಹೇಳಿದ ಗುರುತುಗಳಿಗೆ 14 ಮತ್ತು 16 ಸೇರಿಸಿಕೊಳ್ಳಿ. ಅಲ್ಲಿ ಕಾಲಾಳುಗಳ ಆಕಾರ ಹೆಚ್ಚು ಬದಲಾಗದಿದ್ದರೂ ಕಾಯಿಗಳ ಹಣೆಬರಹ ಬದಲಾಗಿದೆ.

ಅಂಚಿನಕಾಲಾಳು

ಎಲ್ಲರಿಗೂ ಧನ್ಯವಾದ. ಬಿ7ರ ವಿಷಯ ಕಣ್ಣು ತೆರೆಸಿತು. ಇನ್ನು ಒಂದೇ ಉಳಿದಿದೆ: ಎದುರಾಳಿ 7...ಬಿ6 ಆಡದೆ ಬೇರೆ ಏನೋ ಆಡಿದರೆ ಇದೆಲ್ಲ ಓದಿದ್ದರ ಪ್ರಯೋಜನ ಹೇಗೆ ಪಡೆಯುವುದು? ಫೈಲಿನಲ್ಲಿ ಏನೇನು ಬರೆದಿಡಬೇಕು?

ಎಂಟನೇಸಾಲು

ನಿಮ್ಮ ಮಟ್ಟದಲ್ಲಿ ಬರುವುದು ಹೆಚ್ಚಾಗಿ ಕುದುರೆ ಬಿ8-ಡಿ7 ಮತ್ತು ಸಿ6. ಅಲ್ಲಿ ನೀವು ಸಿ×ಡಿ5 ಆಡಿ, ಕಪ್ಪು ಇ×ಡಿ5 ಹೊಡೆದರೆ ಬರುವುದು ಕಾರ್ಲ್ಸ್‌ಬಾಡ್ ರಚನೆ: ಬಿಳಿ ಒಂಟೆ ಡಿ3ಕ್ಕೆ, ಮಂತ್ರಿ ಸಿ2ಕ್ಕೆ, ಆಮೇಲೆ ಬಿ-ಕಾಲಾಳನ್ನು ಬಿ5ರವರೆಗೆ ತಳ್ಳಿ ಸಿ6ನ್ನು ಒಡೆಯುವುದು. ಅದೊಂದು ಬೇರೆಯೇ ಅಧ್ಯಾಯ, ಆರನೇ ಆಟದ ಜೊತೆ ಕಲಸಬೇಡಿ.

ನಡೆಗಳ ಕ್ರಮದ ಬಗ್ಗೆ ಒಂದು ಎಚ್ಚರಿಕೆ. 1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3 ಕುದುರೆ ಎಫ್6 4. ಒಂಟೆ ಜಿ5 ಕುದುರೆ ಬಿ8-ಡಿ7 5. ಸಿ×ಡಿ5 ಇ×ಡಿ5 ಬಂದಾಗ ಡಿ5ರ ಕಾಲಾಳು ಪುಕ್ಕಟೆ ಸಿಕ್ಕಿದಂತೆ ಕಾಣುತ್ತದೆ, ಎಫ್6ರ ಕುದುರೆ ಪಿನ್ ಆಗಿದೆಯಲ್ಲ. 6. ಕುದುರೆ×ಡಿ5? ಕುದುರೆ×ಡಿ5! 7. ಒಂಟೆ×ಡಿ8 ಒಂಟೆ ಬಿ4+. ಈಗ 8. ಮಂತ್ರಿ ಡಿ2 ಬಿಟ್ಟು ಗತಿಯಿಲ್ಲ. ಎಲ್ಲ ಹೊಡೆದಾಟ ಮುಗಿದಾಗ ಕಪ್ಪಿಗೆ ಒಂದು ಕಾಯಿ ಹೆಚ್ಚು. ಇದಕ್ಕೆ ಎಲಿಫೆಂಟ್ ಟ್ರ್ಯಾಪ್ ಎಂದು ಹೆಸರು (ನಮ್ಮ ಆನೆಗೂ ಇದಕ್ಕೂ ಸಂಬಂಧವಿಲ್ಲ, ಮೂಲೆಯ ಆನೆಗಳು ಕದಲುವುದೇ ಇಲ್ಲ). ಆದರೆ ಬಿಳಿ ಕುದುರೆ ಆಗಲೇ ಎಫ್3ರಲ್ಲಿ ಇದ್ದರೆ ಬಲೆ ಹರಿಯುತ್ತದೆ, ಯಾಕೆಂದರೆ ಅದು ಡಿ2ಕ್ಕೆ ಬಂದು ಶಹ ತಡೆಯುತ್ತದೆ, ಮಂತ್ರಿ ಉಳಿಯುತ್ತದೆ. ಒಂದು ನಡೆ ಮುಂದೆ ಹಿಂದೆ ಆದರೆ ಸರಿ ನಡೆ ತಪ್ಪಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಫಿಷರ್ ಎರಡನೇ ನಡೆಗೇ ಕುದುರೆ ಎಫ್3 ಆಡಿದ್ದರಿಂದ ಆ ಚಿಂತೆಯೇ ಇರಲಿಲ್ಲ.

ಫೈಲಿನ ಬಗ್ಗೆ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಒಂದು ಸ್ಟಡಿ (ಟಿಪ್ಪಣಿ ಫೈಲು) ತೆರೆಯಿರಿ, ಒಂದರಲ್ಲಿ 64 ಅಧ್ಯಾಯ ಹಿಡಿಯುತ್ತವೆ, ನಿಮಗೆ ಐದು ಸಾಕು: ಆರನೇ ಆಟ, ಬೆರ್ಟೋಕ್ ಆಟ, ಟಿಮ್ಮನ್ ಆಟ, 10...ಇ×ಡಿ5ರ ಸ್ಥಿತಿ, ಮತ್ತು ನಿಮ್ಮ ಸ್ವಂತ ಆಟಗಳಲ್ಲಿ ಈ ರಚನೆ ಬಂದವು. ನೆನಪಿನಲ್ಲಿರಬೇಕಾದದ್ದು 11ನೇ ನಡೆಯವರೆಗೆ ಮಾತ್ರ. ಅದರ ಮುಂದೆ ಪ್ರತಿ ನಡೆಯ ಪಕ್ಕ ಕಾರಣ ಬರೆಯಿರಿ. ಕಾರಣ ಬರೆಯಲಾಗದ ಸಾಲನ್ನು ಅಳಿಸಿ. ಎಂಜಿನ್ ತೋರಿಸಿದ ಉಪಸಾಲುಗಳನ್ನೆಲ್ಲ ತುಂಬಿಸಿಟ್ಟ ಫೈಲನ್ನು ಪಂದ್ಯದ ಹಿಂದಿನ ದಿನ ಯಾರಿಂದಲೂ ಓದಲಾಗುವುದಿಲ್ಲ.

ಅಲ್ಲಿನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ನಿಮಗೆ ಬೇಕಾದ ಸಂಗ್ರಹ ಎರಡು. ಮಾಸ್ಟರ್ಸ್ ಸಂಗ್ರಹದಲ್ಲಿ 2200ಕ್ಕೆ ಮೇಲಿನವರು ಎದುರುಬದುರು ಕೂತು ಆಡಿದ ಆಟಗಳು; ಇನ್ನೊಂದರಲ್ಲಿ ಆನ್‌ಲೈನ್ ಆಟಗಳು, ರೇಟಿಂಗ್ ಪ್ರಕಾರ ಸೋಸಬಹುದು. ಯಾವ ನಡೆ ಒಳ್ಳೆಯದು ಎಂಬುದಕ್ಕೆ ಮೊದಲನೆಯದನ್ನು ನೋಡಿ, ನಿಮ್ಮ ಎದುರಾಳಿ ಏನು ಆಡಬಹುದು ಎಂಬುದಕ್ಕೆ ಎರಡನೆಯದನ್ನು. ಇಪ್ಪತ್ತಕ್ಕಿಂತ ಕಡಿಮೆ ಆಟ ಇರುವ ನಡೆಯ ಗೆಲುವಿನ ಶೇಕಡಾವಾರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕರ್ಣದಒಂಟೆ

ಇದಕ್ಕೆ ಒಂದು ಸೇರಿಸುತ್ತೇನೆ, ಆಡಿಯೇ ನೋಡಬೇಕು. ನಿಮ್ಮ ಮಟ್ಟದ ಇನ್ನೊಬ್ಬರ ಜೊತೆ ಎರಡು ಸ್ಥಿತಿಗಳಿಂದ ಆಡಿ: 13...ಆನೆ ಸಿ8 ಆದಮೇಲೆ ಬಿಳಿಯ ನಡೆ, ಮತ್ತು 20. ಇ4 ಆದಮೇಲೆ ಕಪ್ಪಿನ ನಡೆ. ತಲಾ 15 ನಿಮಿಷ, ಬಣ್ಣ ಬದಲಿಸಿಕೊಂಡು ಎರಡೆರಡು ಆಟ. ಮೊದಲ ಸ್ಥಿತಿಯಲ್ಲಿ ಬಿಳಿ ಆಡುವವರು ಹೆಚ್ಚಾಗಿ ಡಿ×ಸಿ5 ಅವಸರದಲ್ಲಿ ಹೊಡೆದು ಬೆರ್ಟೋಕ್ ಆಟದ ದಾರಿಗೆ ಬೀಳುತ್ತಾರೆ, ಎರಡನೆಯದರಲ್ಲಿ ಕಪ್ಪು ಆಡುವವರು 20...ಸಿ4 ಆಡಿದ ತಕ್ಷಣ ಮಂತ್ರಿ ಅದಲುಬದಲು ಆಗಿಯೇ ಆಗುತ್ತದೆ ಎಂದುಕೊಂಡು 21. ಮಂತ್ರಿ ಎಚ್3ಗೆ ಸಿದ್ಧರಿರುವುದಿಲ್ಲ. ಈ ನಾಲ್ಕು ಆಟಗಳ ಪಿಜಿಎನ್ (ನಡೆಗಳ ಪಠ್ಯ ಕಡತ) ಅನ್ನು ಐದನೇ ಅಧ್ಯಾಯಕ್ಕೆ ಹಾಕಿ, ಎಂಜಿನ್ ಹಚ್ಚುವ ಮೊದಲು ಇಲ್ಲಿಯೂ ಹಾಕಿ. 14 ಮತ್ತು 20ನೇ ನಡೆಯಲ್ಲಿ ಇಬ್ಬರೂ ಏನು ಯೋಚಿಸಿದಿರಿ ಎಂದು ಎರಡೆರಡು ಸಾಲು ಬರೆದಿದ್ದರೆ ನೋಡಿ ಹೇಳಲು ಅನುಕೂಲ.